ಹಟ್ಟಿ ಕೆಫೆಯ ಕಂಬಳಿ ಸೋಫಾ ಬದಲಿಸಿಕೊಡುವಂತೆ ಕೋರಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಸಮಸ್ತ ಕಾಫಿಪ್ರಿಯರೇ, ಟೀಪ್ರಿಯರೇ, ಬೈಟು ಹೇಳಿ ಇಬ್ಬರು ಹಂಚಿಕೊಳ್ಳುವ ಸ್ನೇಹಪ್ರಿಯರೇ, ಹೋಟೆಲಿನ ಗೋಡೆಯನ್ನು ಇದುವರೆಗೂ ಬೆನ್ನು ಆನಿಸುವುದಕ್ಕಲ್ಲದೆ ಬೇರಾವ ಕಾರಣಕ್ಕೂ ಬಳಸದ ಮಹನೀಯರೇ ಮತ್ತು ಮಹಿಳೆಯರೇ, ತಾವೆಲ್ಲರೂ ದಯಮಾಡಿ ಕುಳಿತುಕೊಳ್ಳಬೇಕು. ತಮ್ಮನ್ನು ಸಾಕ್ಷಿಯಾಗಿಟ್ಟುಕೊಂಡು ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮಾನ್ಯ ಒಳಾಂಗಣ ವಿನ್ಯಾಸಕಿ ಶ್ರೀಮತಿ ಮೋನಿಕಾ ಅವರೇ,

ಹೊಳಲ್ಕೆರೆಯಿಂದ ರವೀಂದ್ರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ತಾವು ಬರೀ ಮರ್ಯಾದೆಯ ಮಾತೆಂದು ತಿಳಿಯಬಾರದು. ತಾವು ಅಲಂಕರಿಸಿದ ಹಟ್ಟಿ ಕೆಫೆಯ ಹೊಸ್ತಿಲು ಒಳಗಿನ ಕತ್ತಲಲ್ಲಿ ಕಾಣದೆ, ಕಳೆದ ಭಾನುವಾರ ಅಲ್ಲಿಯೇ ಒಂದು ಹಾಕಿಬಂದಿದ್ದೇನೆ. ಇದು ಎರಡನೆಯದು.

ಮೊದಲಿಗೆ ಅಭಿನಂದನೆ. ಪಂಪ್‌ಸೆಟ್ಟು ಮಾರುತ್ತಿದ್ದ ನಮ್ಮ ಹಾಲೇಶ್ ಅವರ ಮಳಿಗೆಯನ್ನು ತಾವು ಕೆಡವದೆ, ಕಟ್ಟದೆ, ಕೇವಲ ಕತ್ತಲು ತುಂಬಿಸಿ ಕೆಫೆಯಾಗಿ ಪರಿವರ್ತಿಸಿದ್ದೀರಿ. ದುರ್ಗದ ಮಧ್ಯಾಹ್ನ ಮೂರು ಗಂಟೆಯ ಬಿಸಿಲೆಂದರೆ ಬಂಡೆಯೇ ನೆರಳು ಹುಡುಕುವಂಥದ್ದು; ಅಂಥ ಬಿಸಿಲನ್ನು ಒಂದು ಕಪ್ಪುಗಾಜಿನ ಬಾಗಿಲಿನಿಂದ ಆಚೆ ನಿಲ್ಲಿಸಿ, ಒಳಗೆ ವರ್ಷಪೂರ್ತಿ ನಡೆಯುವ ಅಮಾವಾಸ್ಯೆಯನ್ನು ಏರ್ಪಡಿಸಿದ ತಮ್ಮ ಸಾಮರ್ಥ್ಯವನ್ನು ಪಂಚಾಂಗದವರೂ ಗಮನಿಸಬೇಕು. ಕೋಳಿ ಮುಚ್ಚುವ ಬುಟ್ಟಿಗಳನ್ನು ಬೋರಲು ಹಾಕಿ ಸೂರಿನಿಂದ ತೂಗುಬಿಟ್ಟು, ಪ್ರತಿಯೊಂದರೊಳಗೂ ಒಂದೊಂದು ಬಲ್ಬನ್ನು ತಪ್ಪಿಸಿಕೊಳ್ಳದಂತೆ ಕೂಡಿಹಾಕಿದ್ದೀರಿ. ಬೀಸುಕಲ್ಲಿನ ಮೇಲೆ ಕೈತೋಟದ ಗಿಡ ಇಟ್ಟಿದ್ದೀರಿ. ಒರಳುಕಲ್ಲಿಗೆ ನಲ್ಲಿ ಜೋಡಿಸಿ ಕೈ ತೊಳೆಯುವ ಜಾಗ ಮಾಡಿದ್ದೀರಿ. ಅದರಲ್ಲಿ ನಿಂತ ನೀರು ಹೋಗಲು ದಾರಿಯಿಲ್ಲದಿರುವುದರಿಂದ, ಮೊದಲು ಕೈ ತೊಳೆದವರು ಏನು ತಿಂದರು ಎಂಬುದು ಮುಂದಿನವರಿಗೆ ತಿಳಿಯುತ್ತದೆ. ಇವೆಲ್ಲವನ್ನೂ ಕಂಡು ನನಗೆ ಪದ್ಯ ಬಂತು. ಪ್ರಾಸ ನನಗೆ ಕೆಮ್ಮಿನ ಹಾಗೆ, ತಡೆದರೆ ಜಾಸ್ತಿಯಾಗುತ್ತದೆ, ಕ್ಷಮಿಸಬೇಕು:

ಹಟ್ಟಿಯೆಂದು ಹೆಸರನಿಟ್ಟು
ಬುಟ್ಟಿಯೊಳಗೆ ದೀಪವಿಟ್ಟು
ತಟ್ಟೆ ಬದಲು ಹಲಗೆ ಕೊಟ್ಟು
ಹೊಟ್ಟೆಯೊಂದ ಮರೆತುಬಿಟ್ಟು!

ಇನ್ನು ನಾನು ಅಲ್ಲಿಗೆ ಬಂದ ಕಾರಣ. ನನ್ನ ಅಕ್ಕನ ಮಗಳು ದೇವಿಕಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಭಾವ ತೀರಿಕೊಂಡ ಮೇಲೆ ಆ ಮನೆಯ ದೊಡ್ಡ ಮಾತುಗಳನ್ನು ಆಡುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ, ಸಣ್ಣ ಮಾತುಗಳನ್ನು ಅಕ್ಕನೇ ಆಡಿಕೊಳ್ಳುತ್ತಾಳೆ. ಹಿರಿಯೂರು ತಾಲೂಕಿನ ಧರ್ಮಪುರದ ಕಡೆಯ ಕಿರಣ್‌ಕುಮಾರ್ ಎಂಬ ಹುಡುಗನ ಮನೆಯವರು ಹೆಣ್ಣು ನೋಡಲು ಬರುತ್ತೇವೆಂದರು. ಅವರಿಗೆ ಹೊಳಲ್ಕೆರೆ ದೂರ, ನಮಗೆ ಧರ್ಮಪುರ ದೂರ, ನಡುವೆ ದುರ್ಗ, ದುರ್ಗದಲ್ಲಿ ತಮ್ಮ ಕೆಫೆ. ಈಗೀಗ ಹೆಣ್ಣು ನೋಡುವ ಶಾಸ್ತ್ರ ಮನೆಯ ಪಡಸಾಲೆಯಿಂದ ಕೆಫೆಗೆ ಬಂದಿರುವುದು ಒಳ್ಳೆಯದೇ. ಸಂಬಂಧ ಮುರಿದರೂ ಮನೆಯ ಉಪ್ಪಿಟ್ಟು ಉಳಿಯುತ್ತದೆ. ಹೊರಡುವ ಮುಂಚೆ ದೇವಿಕಾ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, "ಮಾಮ, ಅವ್ರು ಕೇಳಾದ್ರೊಳಗೆ ನೀನೇ ಹೇಳ್ಬಿಡು. ನಾನು ಕೆಲಸ ಬಿಡಲ್ಲ. ಬಿಡು ಅನ್ನೋ ಮನೆಯಾದ್ರೆ ಟೀ ಕುಡ್ದು ಬರಾಣ, ಬೇಜಾರಿಲ್ಲ" ಎಂದಿದ್ದಳು. ನಾನು ಹೂಂ ಎಂದಿದ್ದೆ.

ಹೆಣ್ಣು ನೋಡಲು ಬಂದವರಿಗೆ ತಮ್ಮ ಕೆಫೆಯಲ್ಲಿ ಹೆಣ್ಣು ಕಾಣಲಿಲ್ಲ ಎಂಬುದು ನನ್ನ ಮೊದಲ ದೂರು. ಹುಡುಗನ ತಾಯಿ ಸಿದ್ದಕ್ಕನವರು ಕೂತ ಕ್ಷಣದಿಂದ ದೇವಿಕಾಳ ಮುಖ ಹುಡುಕುತ್ತಾ, "ಅಲ್ಲ ಕಣಪ್ಪ, ಬುಟ್ಟಿಯೊಳ್ಗೆ ಲೈಟ್ ಯಾಕೆ ಮುಚ್ಚಿಟ್ಟವ್ರೆ, ಮರಿ ಏನಾರ ಮಾಡ್ಸಕ್ಕಾ?" ಎಂದು ಕೇಳಿದರು. ಕೊನೆಗೆ ಮೊಬೈಲಿನ ಟಾರ್ಚು ಹಾಕಿ ನನ್ನ ಅಕ್ಕನ ಮುಖಕ್ಕೇ ಹಿಡಿದು, "ಹುಡುಗಿ ಸ್ವಲ್ಪ ವಯಸ್ಸಾದಂಗೆ ಕಾಣ್ತಾಳೆ" ಎಂದುಬಿಟ್ಟರು. ಅಕ್ಕ ಮೂರು ದಿನದಿಂದ ಈ ಮಾತನ್ನು ನೆನೆದು ನಗುತ್ತಿದ್ದಾಳೆ. ಯಾವ ಭಾಗಕ್ಕೆ ನಗುತ್ತಿದ್ದಾಳೆಂದು ಕೇಳುವ ಧೈರ್ಯ ನನಗಿಲ್ಲ. ತಿಂಡಿಯ ಪಟ್ಟಿ ಕೇಳಿದರೆ ಹಾಲೇಶ್ ಅವರು ಮೇಜಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡಿನ ಕಪ್ಪು ಚೌಕಳಿಯನ್ನು ತೋರಿಸಿದರು. ಸಿದ್ದಕ್ಕನವರು ಅದನ್ನು ಉಗುರಿನಲ್ಲಿ ಕೆರೆದು ನೋಡಿ, "ಇದ್ರಾಗೆ ಬೋಂಡ ಎಲ್ಲೈತೆ?" ಎಂದು ಕೇಳಿದರು.

ಎರಡನೆಯ ದೂರು ಶೌಚಾಲಯದ್ದು. ಗಂಡಸರು ಹೆಂಗಸರು ಎಂದು ಬರೆಸಿದರೆ ಹಟ್ಟಿಯ ಸೊಗಸು ಕೆಡುತ್ತದೆಂದು ತಾವು ಒಂದು ಬಾಗಿಲಿಗೆ ಟಗರಿನ ಚಿತ್ರವನ್ನೂ ಇನ್ನೊಂದಕ್ಕೆ ಕುರಿಯ ಚಿತ್ರವನ್ನೂ ಬಿಡಿಸಿದ್ದೀರಿ. ಉದಾತ್ತ ಕಲ್ಪನೆ. ಆದರೆ ಹುಡುಗನ ತಾತ ದೊಡ್ಡತಿಮ್ಮಪ್ಪನವರು ಐವತ್ತು ವರ್ಷ ಕುರಿ ಕಾಯ್ದವರು. ಅವರು ಎರಡೂ ಬಾಗಿಲ ಮುಂದೆ ಕೋಲೂರಿ ಬಹಳ ಹೊತ್ತು ನಿಂತು, ಬಾಗಿ ನೋಡಿ, ವಾಪಸು ಬಂದು, "ಎರಡೂ ಟಗರೇ ಕಣ್ರಿ. ಹೆಣ್ಮಕ್ಳು ಎಲ್ಲಿಗೆ ಹೋಗ್ಬೇಕು?" ಎಂದು ಹಾಲೇಶ್ ಅವರನ್ನು ವಿಚಾರಿಸಿದರು. ಹಾಲೇಶ್ ಅವರು ಇದನ್ನು ಡಿಸೈನ್ ಎಂದರು. ಎರಡಕ್ಕೂ ಕೊಂಬು ಇಟ್ಟ ಮೇಲೆ ಡಿಸೈನ್ ಎನ್ನದೆ ಬೇರೆ ದಾರಿಯೂ ಇಲ್ಲ.

ಈಗ ಮೂರನೆಯ ಮತ್ತು ನಿಜವಾದ ದೂರಿಗೆ ಬರುತ್ತೇನೆ. ಅದು ಮೂಲೆಯ ದೊಡ್ಡ ಸೋಫಾ. ತಾವು ಅದಕ್ಕೆ ಅಪ್ಪಟ ಕರಿಕಂಬಳಿ ಹೊದಿಸಿದ್ದೀರಿ. ಚಂದವೇ. ಆದರೆ ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ಕಂಬಳಿ ಹಾಸಿದರೆ ಅದು ಗದ್ದುಗೆ. ಅದರ ಮೇಲೆ ಚಪ್ಪಲಿ ಕಾಲು ಇಡುವುದಿಲ್ಲ, ಅದರ ಮೇಲೆ ಕೂತು ಸುಳ್ಳು ಹೇಳುವುದಿಲ್ಲ. ಜಗಳ ಬಗೆಹರಿಸುವಾಗ ಹಿರಿಯರು ಇಬ್ಬರನ್ನೂ ಕಂಬಳಿಯ ಮೇಲೆ ಕೂರಿಸುತ್ತಿದ್ದರು. ಅರ್ಧ ಜಗಳ ಕೂರಲು ಹಿಂಜರಿಯುವುದರಲ್ಲೇ ಮುಗಿಯುತ್ತಿತ್ತು. ಈ ಸಂಗತಿ ತಮ್ಮ ಪಠ್ಯದಲ್ಲಿ ಇದ್ದಿರಲಾರದು. ದೊಡ್ಡತಿಮ್ಮಪ್ಪನವರು ಕೂರುವ ಮುಂಚೆ ಸೋಫಾದ ಮೇಲೆ ಕೈಯಾಡಿಸಿದರು, ಕತ್ತಲಲ್ಲಿಯೂ ಕೈಗೆ ತಿಳಿಯಿತು, ಚಪ್ಪಲಿ ಬಿಟ್ಟು ದೂರ ಸರಿಸಿ, ಕಾಲು ಮಡಚಿ ಮೇಲೆ ಕೂತು, "ಎಲ್ರೂ ಮೆಟ್ಟು ಬಿಟ್ಟು ಕುಂತ್ಕಳ್ರಿ" ಎಂದರು. ಬಿಟ್ಟೆವು. ನನ್ನ ಬಲಗಾಲಿನದು ಇನ್ನೂ ಸಿಕ್ಕಿಲ್ಲ, ಸಿಕ್ಕರೆ ಹಾಲೇಶ್ ಅವರ ಬಳಿ ಕೊಟ್ಟಿರಬೇಕಾಗಿ ವಿನಂತಿ.

ಆಮೇಲೆ ನಡೆದದ್ದನ್ನು ಯಾವ ಮದುವೆ ದಲ್ಲಾಳಿಯೂ ಕೇಳಿಸಿಕೊಂಡು ಸಹಿಸಲಾರ. ಹುಡುಗನ ವಿವರದ ಹಾಳೆಯಲ್ಲಿ ಗೊಬ್ಬರದ ಡಿಪೋದ ಮ್ಯಾನೇಜರ್ ಎಂದಿತ್ತು. ನಾನು ಔಪಚಾರಿಕವಾಗಿ "ಮ್ಯಾನೇಜರ್ ಕೆಲಸ ಅಂದ್ರೆ ಜವಾಬ್ದಾರಿ ಜಾಸ್ತಿ" ಎಂದೆ. ದೊಡ್ಡತಿಮ್ಮಪ್ಪನವರು ಕಂಬಳಿಯನ್ನು ಒಮ್ಮೆ ಸವರಿ, "ಮ್ಯಾನೇಜರ್ ಅಲ್ಲಪ್ಪ. ಮ್ಯಾನೇಜರ್ ರಜ ಹಾಕ್ದಾಗ ಇವ್ನು ಆ ಕುರ್ಚಿ ಮ್ಯಾಲೆ ಕುಂತ್ಕಂತಾನೆ" ಎಂದರು. ಸಿದ್ದಕ್ಕನವರು "ಮಾವಾ" ಎಂದು ಎಚ್ಚರಿಸಿದರು. ಮಾವ ನಿಲ್ಲಲಿಲ್ಲ. "ಟೋಪಿ ಹಾಕ್ಕಂಡವ್ನಲ್ಲ, ಅದು ಬಿಸಿಲಿಗಲ್ಲ. ಮುಂದ್ಗಡೆ ಕೂದ್ಲು ಹೋಗೈತೆ. ತೆಗಿಯೋ ಲೇ, ಅವ್ರೂ ನೋಡ್ಲಿ" ಎಂದರು. ಹುಡುಗ ತೆಗೆದ. ಸೂರಿನ ಬುಟ್ಟಿಯೊಂದರ ಬೆಳಕು ಮೊದಲ ಬಾರಿಗೆ ಎಲ್ಲಿಯೋ ಬಿದ್ದು ಹೊಳೆಯಿತು. ತಮ್ಮ ಅಮಾವಾಸ್ಯೆ ಮುಚ್ಚಿಡುವುದನ್ನು ತಮ್ಮದೇ ಕಂಬಳಿ ಬಿಚ್ಚಿಡುತ್ತಿದೆ; ಒಂದೇ ಕೋಣೆಯಲ್ಲಿ ಇವೆರಡನ್ನೂ ಇಟ್ಟದ್ದು ವಿನ್ಯಾಸದ ದೋಷವೋ ವಿಶೇಷವೋ ನನ್ನ ಬಿ.ಎ.ಗೆ ಮೀರಿದ ವಿಷಯ.

ಆದರೆ ಮಾನ್ಯರೇ, ಹುಡುಗ ನನಗೆ ಮೆಚ್ಚುಗೆಯಾದದ್ದು ಆ ಕ್ಷಣದಲ್ಲೇ. ಟೋಪಿ ತೆಗೆದವನು ನಗುತ್ತಾ ಕೂತಿದ್ದ, ಮತ್ತೆ ಹಾಕಿಕೊಳ್ಳಲಿಲ್ಲ. ದೇವಿಕಾ ಕೂಡ ನಕ್ಕಳು. ದಿನವೂ ಚಿಲ್ಲರೆಗೆ ಜಗಳವಾಡಿ ನಗುವುದನ್ನು ಉಳಿತಾಯ ಮಾಡುವ ಹುಡುಗಿ ಅವಳು. ಅವರಿಬ್ಬರನ್ನೂ ಮಾತಾಡಿಕೊಳ್ಳಲೆಂದು ತಾವು ಆಚೆ ಕೊನೆಯಲ್ಲಿ ಹಗ್ಗಕ್ಕೆ ನೇತುಹಾಕಿದ ಉಯ್ಯಾಲೆ ಕುರ್ಚಿಗಳಿಗೆ ಕಳುಹಿಸಿದೆವು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೇರೆ ದಿಕ್ಕಿಗೆ ತಿರುಗಿಹೋಗುವ ಆ ಕುರ್ಚಿಗಳಲ್ಲಿ, ಎಲ್ಲಿಂದಲೋ ಗುದ್ದುತ್ತಿದ್ದ ಸಂಗೀತದ ನಡುವೆ ಅವರು ಮಾತಾಡಿದ್ದು ಅರ್ಧ ಹುಡುಗನ ಬೆನ್ನಿಗೆ, ಅರ್ಧ ನಮ್ಮವಳ ಜಡೆಗೆ ಸಂದಿರಬೇಕು.

ಆ ಹೊತ್ತಿನಲ್ಲೇ ದೊಡ್ಡತಿಮ್ಮಪ್ಪನವರು ನನ್ನ ಕಡೆ ತಿರುಗಿ, "ನಮ್ದೆಲ್ಲ ಹೇಳಿದ್ವಿ. ಈಗ ನೀನು ಹೇಳಪ್ಪ. ಮದುವೆ ಆದ್ಮ್ಯಾಲೆ ಹುಡುಗಿ ಕೆಲಸ ಬಿಡ್ತಾಳಾ? ನಮ್ ಸೊಸೆಗೆ ಅದೊಂದು ಆಸೆ" ಎಂದರು. ಸಿದ್ದಕ್ಕನವರೂ ಮುಂದಕ್ಕೆ ಬಾಗಿದರು. ಅಕ್ಕ ಆಗ ಆ ಎರಡು ಟಗರುಗಳ ನಡುವೆ ಆಯ್ಕೆ ಮಾಡಲು ಹೋಗಿದ್ದಳು. ನಾನು ಸಂದರ್ಭಕ್ಕೆ ತಕ್ಕ ಉತ್ತರ ಕೊಟ್ಟೆ. ಮಾತುಕತೆ ಸುಗಮವಾಗಿ ಮುಗಿಯಿತು, ಬರುವ ಭಾನುವಾರ ಒಪ್ಪಂದದ ಮಾತಿಗೆ ಹೊಳಲ್ಕೆರೆಗೇ ಬರುತ್ತೇವೆಂದು ಹೇಳಿ ಅವರು ಹಿರಿಯೂರು ಬಸ್ಸು ಹತ್ತಿದರು.

ಇಷ್ಟೆಲ್ಲ ಆದ ಮೇಲೆ ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ಒಂದು ಟಗರಿನ ಕೊಂಬನ್ನು ಅಳಿಸಿಕೊಡಬೇಕು, ಯಾವುದರದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಹೆಣ್ಣಿನ ಕಡೆಯವರಿಗೆ ನಾಲ್ಕು ಬಲ್ಬು, ಗಂಡಿನ ಕಡೆಯವರಿಗೆ ಎರಡು ಬಲ್ಬು ಬುಟ್ಟಿಯಿಂದ ಬಿಡುಗಡೆ ಮಾಡಬೇಕು. ಮುಖ್ಯವಾಗಿ ಆ ಕಂಬಳಿಯನ್ನು ತಕ್ಷಣ ತೆಗೆಸಿ ರೆಕ್ಸಿನ್ ಹಾಕಿಸಬೇಕು. ರೆಕ್ಸಿನ್ ಮೇಲೆ ಮನುಷ್ಯ ನಿರಾಳವಾಗಿ ಮಾತಾಡಬಲ್ಲ, ಜಾರಿದರೂ ನಾಲಿಗೆಯೋ ಸೋಫಾವೋ ಎಂದು ಯಾರೂ ಕೇಳುವುದಿಲ್ಲ. ತೆಗೆಸಲು ಸಾಧ್ಯವಿಲ್ಲವಾದರೆ ಕೊನೆಯ ಪಕ್ಷ "ಇದು ಕಂಬಳಿಯಂತೆ ಕಾಣುವ ಬಟ್ಟೆ" ಎಂದು ಒಂದು ಫಲಕ ಹಾಕಿಸಿ, ಅದಕ್ಕೆ ಕಳೆದ ಭಾನುವಾರದ ಹಿಂದಿನ ತಾರೀಕು ನಮೂದಿಸಬೇಕಾಗಿ ಕೈಮುಗಿದು ಬೇಡುತ್ತೇನೆ. ತಮಗೆ ಇದು ಹದಿನೈದು ನಿಮಿಷದ ಕೆಲಸ. ನನಗೆ ಬಹಳ ಉಪಕಾರ.

ತಮ್ಮ ಕಲೆಗೆ ಎಡವಿ ಬಿದ್ದು ತಲೆಬಾಗಿದ,
ತಮ್ಮ ವಿಶ್ವಾಸಿ,
ರವೀಂದ್ರ, ಬಿ.ಎ. (ಕನ್ನಡ ಮಾಧ್ಯಮ, ದ್ವಿತೀಯ ದರ್ಜೆ)
ಹೊಳಲ್ಕೆರೆ

ತಾ.ಕ.: ಮೋನಿಕಾ ಅವರೇ, ಇದನ್ನು ತಾವು ಓದುವ ಅಗತ್ಯವಿಲ್ಲ. ತಮ್ಮ ಕೆಫೆಯಲ್ಲಿ ಒಂದೇ ಒಂದು ಒಳ್ಳೆಯ ವಸ್ತುವಿತ್ತು, ಅದನ್ನೇ ತೆಗೆಯಿರೆಂದು ಇಷ್ಟುದ್ದ ಬರೆದಿದ್ದೇನೆ.

ದೊಡ್ಡತಿಮ್ಮಪ್ಪನವರೇ, ದಿನಾ ಬೆಳಿಗ್ಗೆ ಯಾರಾದರೂ ತಮಗೆ ಪೇಪರ್ ಓದಿ ಹೇಳುತ್ತಾರೆಂದು ಕಿರಣ್‌ಕುಮಾರ್ ಹೇಳಿದ. ಓದುವವರು ಇಲ್ಲಿ ಸ್ವಲ್ಪ ನಿಧಾನಿಸಲಿ. ತಾವು ಕೇಳಿದಾಗ ನಾನು "ಬಿಡ್ತಾಳೆ" ಎಂದೆ. ತಾವು ನನ್ನ ಕೈ ಹಿಡಿದು, "ಕಂಬಳಿ ಮ್ಯಾಲೆ ಕುಂತು ಹೇಳ್ದೆ, ಇನ್ನ ಎರಡ್ನೇ ಸಲ ಕೇಳಲ್ಲ" ಎಂದಿರಿ. ಹುಡುಗ ಒಳ್ಳೆಯವನು, ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂದು ಹೆದರಿ ಹೇಳಿದೆ. ಅದು ಸುಳ್ಳು. ದೇವಿಕಾ ಕೆಲಸ ಬಿಡುವುದಿಲ್ಲ. ಹೇಳೆಂದು ಅವಳು ನನಗೇ ಹೇಳಿ ಕಳುಹಿಸಿದ್ದಳು; ನಾನು ಹೇಳಿದ್ದೇನೆಂದೇ ಅವಳು ಇವತ್ತಿಗೂ ನಂಬಿದ್ದಾಳೆ. ಪತ್ರಿಕೆಯವರು ಇದನ್ನು ಅಚ್ಚು ಹಾಕುವ ಮೊದಲು ಅವಳಿಗೆ ನಾನೇ ಹೇಳುತ್ತೇನೆ. ಭಾನುವಾರ ಬರುವುದಾದರೆ ಇದನ್ನು ತಿಳಿದುಕೊಂಡು ಬನ್ನಿ.