ಕಾಗದದ ಮೇಲೆ ಪೈಲ್ವಾನ

ನಾಯಿಗೆ ಶಿಸ್ತು ಕಲಿಸುವುದೇನು ಮಹಾ! ಗಾಡಿಗಟ್ಟಲೆ ಬಿದಿರನ್ನು ನುಣ್ಣನೆಯ ಕಾಗದ ಮಾಡುವ ದಾಂಡೇಲಿಯ ಕಾರ್ಖಾನೆಯಲ್ಲಿ ದುಡಿಯುವ ಗಂಡಸು ನಾನು. ಒಂದೂವರೆ ಗೇಣಿನ ಕುನ್ನಿಗೆ ಸೋಲುತ್ತೇನೆಯೇ? ೧೯೬೨ರಲ್ಲಿ ಹೀಗೆಂದು ಎದೆಯುಬ್ಬಿಸಿ ಹೇಳಿದ್ದು ನನ್ನ ಹೆಂಡತಿ ಗುರುಬಸವ್ವನ ಎದುರಿಗೆ. ತಂಗಿಯ ಬಾಣಂತನಕ್ಕೆಂದು ತವರೂರು ಸನವಳ್ಳಿಗೆ ಹೊರಟಿದ್ದಳು.

"ಎರಡು ತಿಂಗಳ ಬಿಟ್ಟು ಬರ್ತೇನ್ರಿ. ಅಷ್ಟರಾಗ ಇದು ಹೊರಗ ಹೋಗೂದು ಕಲೀಬೇಕು. ಇಲ್ಲಾಂದ್ರ ಮನ್ಯಾಗ ಇದರ ಇರಬೇಕು, ನಾನರ ಇರಬೇಕು!"

ಕುನ್ನಿಯ ಹೆಸರು ಪೈಲ್ವಾನ. ಅಡುಗೆಮನೆ, ಹಾಸಿಗೆ, ನನ್ನ ಚಪ್ಪಲಿ, ಎಲ್ಲ ಅಖಾಡಗಳಲ್ಲೂ ಅವನದೇ ಜಯ!

ಜೊತೆಗೆ ಕೆಲಸ ಮಾಡುವ ಅಡಿವೆಯ್ಯ ಉಪಾಯ ಹೇಳಿದ. "ಮೂಲ್ಯಾಗ ಒಂದು ಕಾಗದ ಹಾಸು. ಅದರ ಮ್ಯಾಲ ಮಾಡಿದ್ರ ಬೆಲ್ಲ ಕೊಡು. ದಿನಾ ಒಂದು ಗೇಣು ಬಾಗಲ ಕಡೆ ಸರಸಿಕೋತ ಹೋಗು. ತಾನs ಹೊರಗ ಹೊಕ್ಕತಿ."

ಪೈಲ್ವಾನ ಜಾಣ. ಕಾಗದವೆಂದರೆ ಏನೆಂದು ಮೂರೇ ದಿನದಲ್ಲಿ ತಿಳಿದುಕೊಂಡ. ಆದರೆ ನನಗೆ ದಿನ ಹೋಗುತ್ತಿರಲಿಲ್ಲ. ಖಾನಾವಳಿಯ ರೊಟ್ಟಿ ರುಚಿಸುತ್ತಿರಲಿಲ್ಲ. ಅವಳಿದ್ದಾಗ "ಒಂದೀಟು ಸುಮ್ನಿರs" ಎಂದು ಬೈಯುತ್ತಿದ್ದವನು, ಈಗ ಬಾಯಿ ತುಂಬ ಮಾತಾಡುವವರಿಲ್ಲದೆ ಪೈಲ್ವಾನನೊಂದಿಗೆ ಹರಟುತ್ತಿದ್ದೆ. ಅವಳ ಹೆಸರು ಕೇಳಿದರೆ ಅವನೂ ಕಿವಿ ನಿಮಿರಿಸಿ ಬಾಗಿಲು ನೋಡುತ್ತಿದ್ದ.

ಎರಡು ತಿಂಗಳು ಮುಗಿಯುವ ಹೊತ್ತಿಗೆ ಕಾಗದ ಹೊಸ್ತಿಲು ಮುಟ್ಟಿತ್ತು. ಆ ಶನಿವಾರ ಪಾಳಿ ಮುಗಿಸಿ ಬಂದು ಬಾಗಿಲು ತೆರೆದೆ. ಪೈಲ್ವಾನ ಬೆಲ್ಲಕ್ಕಾಗಿ ಬಾಲ ಅಲ್ಲಾಡಿಸಿದ. ಹೊಸ್ತಿಲ ಒಳಗೆ ತೊಯ್ದು ತೊಪ್ಪೆಯಾದ ಕಾಗದ. ಆದರೆ ನಾನು ಹಾಸಿದ್ದಲ್ಲ! ಪೋಸ್ಟಿನವನು ಬಾಗಿಲ ಕೆಳಗಿಂದ ತೂರಿಸಿದ್ದ ಗುರುಬಸವ್ವನ ಕಾಗದ!

ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಮಸಿಯಲ್ಲಿ ಎರಡು ಹಾಳೆ ತುಂಬ ಬರೆದಿದ್ದಳು. ಈಗ ಅದೊಂದು ನೀಲಿ ಕೆರೆ. ತೇಲುತ್ತಿದ್ದ ಮಾತುಗಳು ಮೂರೇ: "...ವಾರ", "ಬಸ್ಸು", "ತಪ್ಪಬ್ಯಾಡ್ರಿ".

ಒಣಗಿಸಿ ಅಡಿವೆಯ್ಯನಿಗೆ ತೋರಿಸಿದೆ. ಅವನು ಬಿಸಿಲಿಗೆ ಹಿಡಿದ, ಮೂಗಿನಿಂದ ದೂರ ಹಿಡಿದ.

"ಯಾವ ವಾರೋ ಮಾರಾಯ?" ಎಂದು ಕೇಳಿದೆ.

"ಎಲ್ಲಾ ದಿನಾನೂ 'ವಾರ' ಅಂತನs ಮುಗೀತಾವಲ್ಲೋ ಕರಿಬಸಪ್ಪ! ಏಳೂ ದಿನ ಹೋಗಿ ನಿಂದ್ರು."

ರವಿವಾರದಿಂದ ಶುರು. ಸಂಜೆ ಇಸ್ತ್ರಿ ಅಂಗಿ ತೊಟ್ಟು, ಪೈಲ್ವಾನನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ. ಸನವಳ್ಳಿ ಕಡೆಯವರು ಬರುವ ಹಳಿಯಾಳದ ಬಸ್ಸಿನಿಂದ ಇಳಿಯುವ ಪ್ರತಿ ಸೀರೆಯೂ ಅವಳದೇ ಅನಿಸುತ್ತಿತ್ತು. ಬಸ್ಸು ಬರಿದಾದ ಮೇಲೂ ಒಳಗೆ ಇಣುಕುತ್ತಿದ್ದೆ. "ಇವತ್ತೂ ಇಲ್ಲರೀ" ಎಂದು ಕಂಡಕ್ಟರ್ ತಾನಾಗಿಯೇ ಹೇಳತೊಡಗಿದ. ಏಳು ಸಂಜೆ ಕಳೆದವು. ಅಷ್ಟರಲ್ಲಿ ಸ್ಟ್ಯಾಂಡಿನ ಕಂಬದ ರುಚಿ ಹತ್ತಿದ ಪೈಲ್ವಾನ ಮನೆಯೊಳಗೆ ಮಾಡುವುದನ್ನೇ ಬಿಟ್ಟಿದ್ದ! ಗೆದ್ದೆ, ಆದರೆ ನೋಡುವವಳೆಲ್ಲಿ?

ಮರು ರವಿವಾರ ತಡೆಯಲಾಗಲಿಲ್ಲ. ಪೈಲ್ವಾನನನ್ನು ಕೈಚೀಲದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಹಳಿಯಾಳ, ಮುಂಡಗೋಡ, ಸನವಳ್ಳಿ. ಇಳಿದರೆ, ರಸ್ತೆ ಪಕ್ಕದ ಕಲ್ಲಿನ ಮೇಲೆ ಟ್ರಂಕು ಇಟ್ಟುಕೊಂಡು ಕುಳಿತಿದ್ದಾಳೆ ಗುರುಬಸವ್ವ!

"ಸೋಮವಾರ ಬಂದು ಕರಕೊಂಡು ಹೋಗ್ರಿ, ಬಸ್ಸಿಗೆ ದಾರಿ ನೋಡ್ತೇನಿ, ತಪ್ಪಬ್ಯಾಡ್ರಿ ಅಂತ ಬರದಿದ್ನಲ್ಲರೀ! ಅವತ್ತಿಂದ ದಿನಾ ಬಂದು ಕೂಡ್ತೇನಿ. ರಜಾ ಸಿಕ್ಕಿಲ್ಲೇನೋ ಅಂತ ನಾನs ಸಮಾಧಾನ ಮಾಡ್ಕೊಂಡೆ."

ವಾರವಿಡೀ ಅವಳು ಇಲ್ಲಿ ಕಾದಿದ್ದಳು, ನಾನು ಅಲ್ಲಿ! ನಡೆದದ್ದೆಲ್ಲ ಒಪ್ಪಿಸಿದೆ. ಸಿಟ್ಟಾಗುತ್ತಾಳೆಂದುಕೊಂಡರೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾರ ಎರಡನೇ ಹಾಳೀನೂ ಓದಲಿಲ್ಲೇನು?"

"ಇಲ್ಲ. ಏನಿತ್ತು ಅದರಾಗ?"

"ಲಗ್ನ ಆದಾಗಿಂದ ಹೇಳಬೇಕಂತಿದ್ದದ್ದು. ಮಾರಿ ನೋಡಿ ಹೇಳಾಕ ಆಗಂಗಿಲ್ಲಂತನs ಬರದಿದ್ದೆ."

"ಈಗರ ಹೇಳು! ನಾ ಬೇಕಾದ್ರ ಆ ಕಡೆ ಮಾರಿ ಮಾಡ್ತೇನಿ."

ಅವಳ ಕಿವಿ ಕೆಂಪಾದವು. ಪೈಲ್ವಾನನನ್ನು ಎತ್ತಿ ನನ್ನ ಕೈಗಿಟ್ಟಳು.

"ಓದಿದಾಂವ ಇಲ್ಲೇ ಅದಾನ. ಅವನ್ನ ಕೇಳ್ರಿ!"

ದಾಂಡೇಲಿ ಬರುವವರೆಗೂ ಅವನ ಮುಖವನ್ನೇ ನೋಡುತ್ತ ಕುಳಿತೆ. ಮಗ ಬಾಯಿ ಬಿಡಲಿಲ್ಲ!