ಬೈಠಕ್ ಹೊಡೆದು ಕನ್ಯೆ ನೋಡಲು ಹೋದದ್ದು

ಓಟ, ಸೈಕಲ್, ಸ್ಕಿಪ್ಪಿಂಗ್, ಕೂತೆದ್ದು ಹೊಡೆಯುವ ಬೈಠಕ್. ಇವುಗಳಲ್ಲಿ ಯಾವುದರಿಂದ ತರುಣರ ಮೈಯ ಶಕ್ತಿ ಹೆಚ್ಚು ಖರ್ಚಾಗುತ್ತದೆ? ಈ ಗಹನವಾದ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ನನ್ನ ಮೇಲೆ ಬಿದ್ದಿತ್ತು. ನಾನಾಗ ಗೋಕಾಕದಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದೆ. ಕಾಲೇಜಿನವರು ಎದೆಬಡಿತ ಅಳೆಯುವ ಒಂದು ಗಡಿಯಾರವನ್ನೂ ಕೊಟ್ಟಿದ್ದರು. ಸೋಮವಾರ ಅದನ್ನು ಹಿಂದಿರುಗಿಸಬೇಕಿತ್ತು.

ಶನಿವಾರ ಕುಲಗೋಡದ ನಮ್ಮ ಮನೆಗೆ ಬರುತ್ತೇವೆಂದ ತರುಣರಲ್ಲಿ ಒಬ್ಬನೂ ಬರಲಿಲ್ಲ. ಉಳಿದವನು ನನ್ನ ತಮ್ಮ ಸಂತೋಷ.

ನನ್ನ ಹೆಂಡತಿ ಸವಿತಾ ಅಡ್ಡ ಬಂದಳು. "ನಾಳೆ ಘೋಡಗೇರಿಗೆ ಕನ್ಯಾ ನೋಡಾಕ ಹೋಗೂದೈತಿ. ಇವತ್ತರ ಅವನ್ನ ಬಿಡ್ರಿ."

ವ್ಯಾಯಾಮದಿಂದ ಮುಖಕ್ಕೆ ಕಳೆ ಬರುತ್ತದೆಂದು ಅವಳಿಗೆ ಶಾಸ್ತ್ರೋಕ್ತವಾಗಿ ತಿಳಿಸಿದೆ.

ಒಂದೊಂದು ವ್ಯಾಯಾಮದ ನಡುವೆಯೂ ಸಾಕಷ್ಟು ವಿಶ್ರಾಂತಿ ಇರಬೇಕೆಂದು ಗುರುಗಳು ಹೇಳಿದ್ದರು. ನಾನು ಒಂದು ಗುಟುಕು ನೀರು ಕುಡಿಯಲು ಬಿಟ್ಟೆ. ಕೊನೆಗೆ ಬೈಠಕ್ ಸರದಿ ಬರುವಷ್ಟರಲ್ಲಿ ಸಂತೋಷ ಮಾತಾಡುವುದನ್ನು ನಿಲ್ಲಿಸಿದ್ದ. ಗಡಿಯಾರದ ಅಂಕಿ ಮಾತ್ರ ಭರ್ಜರಿಯಾಗಿ ಏರಿತ್ತು. ಬೈಠಕ್ಕೇ ಶ್ರೇಷ್ಠವೆಂದು ತೀರ್ಮಾನಿಸಿ ಸಮಾಧಾನದಿಂದ ಊಟಕ್ಕೆ ಕುಳಿತೆ.

ಮರುದಿನ ಘೋಡಗೇರಿಯಲ್ಲಿ ತಮ್ಮ ಬಸ್ಸಿನ ಮೆಟ್ಟಿಲುಗಳನ್ನು ಬೆನ್ನು ಮುಂದೆ ಮಾಡಿ ಇಳಿದ. ಸವಿತಾ ನನ್ನ ಕಡೆ ನೋಡಿದಳು. ನಾನು ಹೊಲಗಳ ಕಡೆ ನೋಡಿದೆ.

ಕನ್ಯೆಯ ಮನೆಯಲ್ಲಿ ಅವಳ ಅಜ್ಜಿ ಕುಳಿತಿದ್ದರು. ಸಂಸ್ಕಾರವಂತ ಹುಡುಗ, ಮಂಡಿಯೂರಿ ಅವರ ಕಾಲಿಗೆ ನಮಸ್ಕರಿಸಿದ. ಅಜ್ಜಿ ಆಶೀರ್ವಾದ ಮಾಡಿದರು. ಅವನು ಏಳಲಿಲ್ಲ. ಇನ್ನೂ ಸಾಲದೇನೋ ಎಂದು ಮತ್ತೊಮ್ಮೆ ಮಾಡಿದರು. ಆಗಲೂ ಏಳಲಿಲ್ಲ.

"ಹುಡುಗಗ ಮೊಣಕಾಲ ಬ್ಯಾನಿ ಏನರ ಐತೇನ್ರಿ?" ಎಂದು ಕನ್ಯೆಯ ತಂದೆ ಮೆಲ್ಲಗೆ ಕೇಳಿದರು.

ಏನೂ ಇಲ್ಲ, ಸಂಶೋಧನೆ ಎಂದೆ. ಅದು ಯಾವ ರೋಗವೋ ಎಂದು ಅವರ ಮುಖ ಇನ್ನಷ್ಟು ಸಣ್ಣದಾಯಿತು. ಗಾಬರಿಯಿಂದ ತಮ್ಮನ ರಟ್ಟೆ ಹಿಡಿದು ಎಳೆದೆ. ಅವನು ಏಳಲಿಲ್ಲ, ನಾನೇ ಹೋಗಿ ಅವನ ಬಾಜೂಕ ಕುಕ್ಕರಿಸಿದೆ. ಸರಿಯಾಗಿ ಅದೇ ಹೊತ್ತಿಗೆ ಕನ್ಯೆ ದೀಪಾ ಚಹಾ ಹಿಡಿದುಕೊಂಡು ಹೊರಗೆ ಬಂದಳು.

ನೆಲದ ಮೇಲಿದ್ದ ಅಣ್ಣತಮ್ಮಂದಿರನ್ನು ಒಂದು ಕ್ಷಣ ನೋಡಿ ಟ್ರೇ ಕೆಳಗಿಟ್ಟಳು. "ನೀವು ಸ್ವಲ್ಪ ಸರೀರಿ" ಎಂದು ನನಗೆ ಹೇಳಿ, ಸಂತೋಷನ ಕೈಹಿಡಿದು ಒಂದೇ ಏಟಿಗೆ ಎಬ್ಬಿಸಿ ನಿಲ್ಲಿಸಿದಳು. ಸವಿತಾ ಶನಿವಾರದ ಬೈಠಕ್ಕಿನ ಕಥೆಯನ್ನೆಲ್ಲ ಬಿಚ್ಚಿಟ್ಟಳು. ಮೊದಲು ನಕ್ಕವರು ಅಜ್ಜಿ. ತಮ್ಮನಂತೂ ನೆಟ್ಟಗೆ ನಿಲ್ಲುವ ಮೊದಲೇ ಒಪ್ಪಿಬಿಟ್ಟಿದ್ದ.

ಸೋಮವಾರ ಗುರುಗಳು ನನ್ನ ಅಂಕಿಗಳನ್ನು ನೋಡಿದರು. ವಿಶ್ರಾಂತಿಯನ್ನೇ ಕೊಡದಿದ್ದ ಮೇಲೆ ಕೊನೆಯ ವ್ಯಾಯಾಮ ಯಾವುದಿದ್ದರೂ ಅದೇ ಗೆಲ್ಲುತ್ತಿತ್ತೆಂದು ಹೇಳಿ, ಎಲ್ಲವನ್ನೂ ಹೊಸದಾಗಿ ಮಾಡಿ ತರಲು ಕಳಿಸಿದರು.

ಸಂಜೆ ಘೋಡಗೇರಿಯಿಂದ ಫೋನು ಬಂತು. ಹುಡುಗ ಪಸಂದಾಗಿದ್ದಾನೆ, ದೀಪಾ ಒಪ್ಪಿದ್ದಾಳೆ ಎಂದರು ಅವಳ ತಂದೆ. ಆಮೇಲೆ ಸ್ವಲ್ಪ ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು.

"ಹುಡುಗಿದು ಒಂದೇ ಮಾತೈತ್ರಿ. ಮದುವಿ ಆಗೂತನಾ ಹುಡುಗನ್ನ ನಿಮ್ಮ ಕೈಯಾಗ ಕೊಡಬಾರದಂತ."