ಐದಕ್ಕೆ ನಿಂತ ಅಂಕಿ

ಎಲ್ಲ ರಗಳೆಗೂ ಮೂಲ ಸಾಸಿವೆ ಕಾಳಿನಷ್ಟು ಒಂದು ಕೆಪಾಸಿಟರು. ಅದು ಬೇಕಾಗಿಲ್ಲವೆಂದು ನಮ್ಮ ರಿಪೇರಿಯವನು ತೀರ್ಮಾನಿಸಿದ್ದ.

ಹನ್ನೊಂದು ವರ್ಷ ಇನ್ನೊಬ್ಬರ ಬೋರ್ಡುಗಳಿಗೆ ಬೆಸುಗೆ ಹಾಕಿ ಬೇಸತ್ತು, ಕಡೆಗೊಮ್ಮೆ ತನ್ನದೇ ಪವರ್ ಸಪ್ಲೈ ಕಟ್ಟಿದ್ದ. ನಾಲ್ಕು ಗಂಟೆಗೆ ಸಾಹೇಬರು ನೋಡಿ ಒಪ್ಪಿದರೆ ಕಾರ್ಖಾನೆಯ ಹೊಸ ಯಂತ್ರದೊಳಗೆ ಅದೇ ಕೂರುತ್ತದೆ. ಬೆಳಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

ಸ್ವಿಚ್ ಒತ್ತಿದ. ಮೀಟರಿನಲ್ಲಿ ಐದು ವೋಲ್ಟ್ ನಿಲ್ಲಬೇಕಿತ್ತು. ಅಂಕಿ ನಾಲ್ಕೂವರೆಗೆ ಇಳಿಯಿತು, ಐದೂವರೆಗೆ ಹಾರಿತು, ಮತ್ತೆ ಇಳಿಯಿತು. ಸಾಲದ್ದಕ್ಕೆ ಬೋರ್ಡು ಸಣ್ಣಗೆ ಶಿಳ್ಳೆ ಹೊಡೆಯಿತು.

"ಏನಪ್ಪಾ, ನಿನ್ನ ಸಪ್ಲೈ ಹಾಡೂ ಹೇಳುತ್ತಾ?" ಎಂದಳು ಪಕ್ಕದ ಮೇಜಿನ ಟೆಸ್ಟಿಂಗ್ ಅಕ್ಕ.

"ಕೆಪಾಸಿಟರ್ ಹಾಕಿಲ್ವಲ್ಲೋ! ಹಾಕೋದಾದ್ರೆ ದೊಡ್ಡದೇ ಹಾಕು," ಎಂದು ಸ್ಟೋರಿನವನು ಹೆಬ್ಬೆರಳ ಗಾತ್ರದ್ದೊಂದನ್ನು ತಂದುಕೊಟ್ಟ.

ಹಾಕಿದ. ಶಿಳ್ಳೆ ನಿಂತಿತು. ಆದರೆ ಪರೀಕ್ಷೆಗೆಂದು ಒಂದು ದೀಪ ಜೋಡಿಸಿ ಲೋಡು ಕೊಟ್ಟೊಡನೆ ವೋಲ್ಟೇಜು ಕುಸಿದು, ಬೆಳಗ್ಗೆ ಎಬ್ಬಿಸಿದ ಸೋಮಾರಿಯಂತೆ ಮೆಲ್ಲಗೆ ಎದ್ದಿತು. ಅದನ್ನೂ ಕಿತ್ತದ್ದಾಯಿತು. ಗಂಟೆ ಮೂರು.

ತಲೆಕೆಟ್ಟು ಕೈ ತೊಳೆಯಲು ಹೋದ. ನೀರು ತಣ್ಣಗಿತ್ತು, ಬಿಸಿನೀರಿನ ನಲ್ಲಿ ತಿರುಗಿಸಿದ. ಬರಲಿಲ್ಲ, ಇನ್ನಷ್ಟು ತಿರುಗಿಸಿದ. ಬಂದಾಗ ಕೈ ಸುಟ್ಟಿತು. ರಪ್ಪನೆ ಮುಚ್ಚಿದ, ಮತ್ತೆ ತಣ್ಣಗಾಯಿತು. ಅವನು ಹಾಗೇ ನಿಂತುಬಿಟ್ಟ.

"ಅಕ್ಕಾ, ಸಿಕ್ತು!" ಒದ್ದೆ ಕೈಯಲ್ಲೇ ಓಡಿಬಂದ. "ವೋಲ್ಟೇಜ್ ಏರಿದ್ರೆ ಹೆಚ್ಚು ಕರೆಂಟ್ ಎಳೆದು ಇಳಿಸೋದು, ಇಳಿದ್ರೆ ಬಿಟ್ಟು ಏರಿಸೋದು, ಈ ಬೋರ್ಡಲ್ಲಿರೋ ಷಂಟ್ ರೆಗ್ಯುಲೇಟರ್ ಕೆಲ್ಸ ಇಷ್ಟೇ. ನೆಗೆಟಿವ್ ಫೀಡ್‌ಬ್ಯಾಕ್ ಅಂದ್ರೆ ಇದೇ. ಆದ್ರೆ ನೋಡಿದ ತಕ್ಷಣ ದುಡುಕಿದ್ರೆ ಕುಣಿತ, ತೀರಾ ಸೋಮಾರಿ ಆದ್ರೆ ಕುಸಿತ. ಒಂದು ಚೂರು ತಾಳ್ಮೆ ಬೇಕು!"

ಆ ಚೂರು ತಾಳ್ಮೆಯೇ ಸಾಸಿವೆ ಕಾಳು. ಬೆಸೆದ. ಅಂಕಿ ಐದಕ್ಕೆ ನಿಂತಿತು. ದೀಪ ಹಚ್ಚಿದರೂ ಐದು, ಆರಿಸಿದರೂ ಐದು. ಹೆಮ್ಮೆಯಿಂದ ಅವನ ಕಣ್ಣು ಒದ್ದೆಯಾಯಿತು. ತಲೆ ಬಾಚಿಕೊಂಡು ಬರಲು ಓಡಿದ.

ಸಾಹೇಬರು ಬಂದರು. ನಲ್ಲಿಯ ಕತೆಯಿಂದ ಹಿಡಿದು ತಾಳ್ಮೆಯ ಮಹಿಮೆಯವರೆಗೆ ಪೂರ್ತಿ ಭಾಷಣ ಕೇಳಿದರು. ದೀಪ ಹಚ್ಚಿದರು, ಆರಿಸಿದರು. ಅಂಕಿ ಅಲುಗಲಿಲ್ಲ.

"ಭಲೇ!" ಎನ್ನುತ್ತ ಸಪ್ಲೈಯ ಸ್ವಿಚ್ಚನ್ನೇ ಆರಿಸಿದರು. ಅಂಕಿ ಆಗಲೂ ಐದೇ.

"ಇದೇನಯ್ಯಾ, ಕರೆಂಟೇ ಇಲ್ದೆ ಐದು ಕೊಡುತ್ತಾ?"

ಟೆಸ್ಟಿಂಗ್ ಅಕ್ಕ ನಾಲಿಗೆ ಕಚ್ಚಿಕೊಂಡಳು. "ಸಾರ್, ಅದು... ಇವನು ಹೊರಗೆ ಹೋದಾಗ ಮತ್ತೆ ಕುಣಿದ್ರೆ ಅಂತ ನಾನೇ ಮೀಟರಿನ ಅಂಕಿ ಹಾಗೇ ಹಿಡಿದಿಡೋ ಹೋಲ್ಡ್ ಗುಂಡಿ ಒತ್ತಿಟ್ಟಿದ್ದೆ."

ರಿಪೇರಿಯವನು ಗುಂಡಿ ಬಿಡಿಸಿ ಸಪ್ಲೈ ಹಾಕಿದ. ಐದು. ದೀಪ ಹಚ್ಚಿದ. ಐದು.

"ನೋಡಿ ಸಾರ್, ಇದು ನಿಜವಾದ ಐದು!"

"ಇರ್ಬಹುದು," ಸಾಹೇಬರು ಅವನ ಬೆನ್ನು ತಟ್ಟಿದರು. "ಆದ್ರೆ ಮೀಟರ್ ನೋಡಿದ ತಕ್ಷಣ ದುಡುಕ್ಬಾರ್ದು ಅಂತ ನೀನೇ ಹೇಳ್ಕೊಟ್ಟೆ. ಎಷ್ಟು ಚೆನ್ನಾಗಿ ಹೇಳ್ದೆ! ಆರು ತಿಂಗಳು ತಡೆಯೋಣ. ಅಲ್ಲಿವರ್ಗೂ ಹಳೇ ಸಪ್ಲೈನೇ ಇರ್ಲಿ."

ಅವರು ಹೋದರು. ಅವನ ಮೇಜಿನ ಮೇಲೆ ರಿಪೇರಿಗೆ ಬಂದ ಹಳೇ ಸಪ್ಲೈಗಳು ಒಂಬತ್ತು ಕಾದಿದ್ದವು. ಬೆಸುಗೆ ಕಡ್ಡಿಗೆ ಕೈ ಹಾಕುವ ಮೊದಲು ಅವನು ಪಕ್ಕಕ್ಕೆ ತಿರುಗಿ ಇನ್ನೊಮ್ಮೆ ಮೀಟರು ನೋಡಿದ. ಐದೇ ಇತ್ತು.